ಬಿಂಬವೂ ಪ್ರತಿಕೃತಿಯೂ: ಬೌದ್ಧ ಯಾತ್ರಿಕರು ಪರದೇಶಕ್ಕೆ ಕೊಂಡೊಯ್ದ ಶಿಲ್ಪಗಳ ವಿಚಾರ

ದೇಶಾಂತರಕ್ಕೆ ಹೋದವರು ಮರಳುವಾಗ ಆ ದೇಶದ ಶಿಲ್ಪಿಗಳ ಕೈಗೆಲಸದ ವಸ್ತುವೊಂದನ್ನು ಸಂಪಾದಿಸಿಕೊಂಡು ಬರುವುದು ಬಹು ಪ್ರಾಚೀನ ಕಾಲದಿಂದಲೂ ನಡೆದುಬಂದ ರೂಢಿಯಾಗಿರುವುದು. ಕಾಶೀಯಾತ್ರೆಯನ್ನು ಮುಗಿಸಿ ಬಂದ ಕನ್ನಡಿಗರ ಮನೆಗಳಲ್ಲಿ ಬಾಯಿಗೆ ಬೆಸುಗೆ ಹಾಕಿದ ಗಂಗೆಯ ಗಿಂಡಿಯೂ, ಗಂಡಕೀ ನದಿಯ ಸಾಲಿಗ್ರಾಮವೂ ದೇವರ ಪೆಟ್ಟಿಗೆಯಲ್ಲಿ ಇರುವುದನ್ನು ಎಲ್ಲರೂ ಬಲ್ಲರು. ಇಂತಹ ಸಣ್ಣ ವಸ್ತುಗಳನ್ನು ಭಕ್ತಿಯ ಗುರುತುಗಳೆಂದೋ ವಿನೋದದ ಸಾಮಗ್ರಿಗಳೆಂದೋ ಎಣಿಸಿ, ಇತಿಹಾಸದ ವಿಚಾರದಲ್ಲಿ ಇವುಗಳಿಗೆ ಸ್ಥಾನವಿಲ್ಲವೆಂದು ತಿಳಿಯುವುದು ವಾಡಿಕೆ. ಭರತಖಂಡಕ್ಕೆ ಬಂದ ಬೌದ್ಧ ಯಾತ್ರಿಕರು ತಮ್ಮ ತಮ್ಮ ದೇಶಗಳಿಗೆ ಕೊಂಡೊಯ್ದ ಶಿಲ್ಪಗಳ ಚರಿತ್ರೆಯನ್ನು ಪರಿಶೀಲಿಸಿದರೆ ಈ ಅಭಿಪ್ರಾಯವು ನಿಲ್ಲಲಾರದು. ಅವರು ಮೂಲಬಿಂಬಗಳನ್ನು ಅವುಗಳ ಪೀಠಗಳಲ್ಲಿಯೇ ಬಿಟ್ಟು, ಅವುಗಳಿಗೆ ಅನುರೂಪವಾಗಿ ರಚಿಸಿದ ಪ್ರತಿಕೃತಿಗಳನ್ನು ಒಯ್ದರು. ಮುಂದೆ ಮೂಲವು ಜೀರ್ಣವಾದಾಗ ಪ್ರತಿಕೃತಿಯೇ ಅದಕ್ಕೆ ಸಾಕ್ಷಿಯಾಗಿ ನಿಂತಿತು.

ಪ್ರತಿಮಾ ಎಂಬ ಶಬ್ದದಲ್ಲಿಯೇ ಅಳತೆಯ ಅರ್ಥವು ಅಡಗಿರುವುದು. ಅಳೆಯುವುದೆಂಬ ಅರ್ಥವುಳ್ಳ ಮಾ ಧಾತುವಿಗೆ ಪ್ರತಿ ಎಂಬ ಉಪಸರ್ಗವು ಸೇರಿ ಈ ಪದವು ಸಿದ್ಧವಾಗಿದೆ. ಒಂದಕ್ಕೆ ಸರಿಯಾಗಿ ಅಳೆದು ಮಾಡಿದುದೇ ಪ್ರತಿಮೆ. ಅಮರಸಿಂಹನು ಪ್ರತಿಮಾ, ಪ್ರತಿಬಿಂಬ, ಪ್ರತಿಕೃತಿ ಎಂಬ ಶಬ್ದಗಳನ್ನು ಒಂದೇ ಸಾಲಿನ ಪರ್ಯಾಯಗಳಾಗಿ ಪಠಿಸಿರುವನು. ಇವುಗಳ ಕ್ರಯವಿಕ್ರಯವೂ ಹೊಸದಲ್ಲ. ಪಾಣಿನಿಯು ಅಷ್ಟಾಧ್ಯಾಯಿಯ ಐದನೆಯ ಅಧ್ಯಾಯದ ಮೂರನೆಯ ಪಾದದಲ್ಲಿ (೯೬, ೯೯) ಪ್ರತಿಕೃತಿಯ ಅರ್ಥದಲ್ಲಿ ಕನ್ ಪ್ರತ್ಯಯವನ್ನು ವಿಧಿಸಿ, ಜೀವಿಕೆಗೆ ಸಾಧನವಾಗಿದ್ದರೂ ಮಾರಾಟಕ್ಕಲ್ಲದ ಪ್ರತಿಮೆಗಳ ವಿಷಯದಲ್ಲಿ ಅದಕ್ಕೆ ಲೋಪವನ್ನು ಹೇಳಿರುವನು. ಮಾರುವ ಪ್ರತಿಮೆಗಳು ಲೋಕದಲ್ಲಿ ಇಲ್ಲದಿದ್ದ ಪಕ್ಷದಲ್ಲಿ ಈ ಭೇದವನ್ನು ಕಲ್ಪಿಸುವ ಅವಶ್ಯಕತೆಯೇ ಇರುತ್ತಿರಲಿಲ್ಲ. ಮೌರ್ಯರು ಹಣದ ಆಸೆಯಿಂದ ಅರ್ಚೆಗಳನ್ನು ಮಾಡಿಸಿದರೆಂದು ಪತಂಜಲಿಯು ಇದೇ ಪ್ರಸಂಗದಲ್ಲಿ ಸೂಚಿಸಿರುವನು. ಆನೆಯ ಗೊಂಬೆಗಳನ್ನು ಮಾರುವುದನ್ನು ಕಾಶಿಕಾವೃತ್ತಿಯು ಪ್ರತ್ಯುದಾಹರಣೆಯಾಗಿ ಕೊಟ್ಟಿರುವುದು. ಆದುದರಿಂದ ಚೀನ ದೇಶದ ಯಾತ್ರಿಕರು ಇಲ್ಲಿಗೆ ಬರುವುದಕ್ಕೆ ಬಹು ಶತಮಾನಗಳ ಹಿಂದೆಯೇ ಪ್ರತಿಕೃತಿಗಳನ್ನು ಮಾಡಿ ಮಾರುವ ಕಸುಬು ಈ ನಾಡಿನಲ್ಲಿ ನೆಲೆಗೊಂಡಿತ್ತೆಂದು ವಿದಿತವಾಗುತ್ತದೆ.

ಆ ಯಾತ್ರಿಕರಲ್ಲಿ ಮೊದಲು ಸ್ಮರಣೀಯನಾದವನು ಫಾಹಿಯಾನನು. ಕ್ರಿ. ಶ. ೩೯೯ರಲ್ಲಿ ಚಾಂಗಾನ್ ನಗರದಿಂದ ಹೊರಟ ಈತನು ಉತ್ತರಾಪಥವನ್ನೆಲ್ಲ ಸಂಚರಿಸಿ, ತಾಮ್ರಲಿಪ್ತಿಯಲ್ಲಿ ಎರಡು ವರ್ಷ ನಿಂತು, ಸೂತ್ರಗಳನ್ನು ನಕಲು ಮಾಡಿದುದಲ್ಲದೆ ಪ್ರತಿಮೆಗಳ ಚಿತ್ರಗಳನ್ನೂ ಬರೆದುಕೊಂಡನು. ಅಲ್ಲಿಂದ ಸಿಂಹಳಕ್ಕೆ ಹೋದಾಗ ಅಭಯಗಿರಿ ವಿಹಾರದ ಹಸುರು ಶಿಲೆಯ ಬುದ್ಧವಿಗ್ರಹದ ಬಳಿಯಲ್ಲಿ ವ್ಯಾಪಾರಿಯೊಬ್ಬನು ಬಿಳಿಯ ರೇಷ್ಮೆಯ ಬೀಸಣಿಗೆಯನ್ನು ಕಾಣಿಕೆಯಾಗಿ ಅರ್ಪಿಸುವುದನ್ನು ಕಂಡನು. ಅದು ಚೀನ ದೇಶದಲ್ಲಿ ನೆಯ್ದುದು. ಸ್ವದೇಶವನ್ನು ಬಿಟ್ಟು ಬಹು ವರ್ಷಗಳಾಗಿದ್ದ ಆ ವೃದ್ಧ ಭಿಕ್ಷುವಿನ ಕಣ್ಣುಗಳಲ್ಲಿ ಅದನ್ನು ನೋಡಿದೊಡನೆ ನೀರು ತುಂಬಿತೆಂದು ಅವನ ಪ್ರವಾಸಕಥನದಲ್ಲಿಯೇ ಹೇಳಿರುವುದು. ಒಂದು ನಾಡಿನ ಕೈಗೆಲಸವು ಮತ್ತೊಂದು ನಾಡಿನಲ್ಲಿ ಕಣ್ಣಿಗೆ ಬಿದ್ದಾಗ ಆ ನಾಡನ್ನೇ ಎದುರಿಗೆ ತಂದು ನಿಲ್ಲಿಸುವ ಶಕ್ತಿಯುಳ್ಳದ್ದೆಂಬುದಕ್ಕೆ ಇದಕ್ಕಿಂತ ಪ್ರಾಚೀನವೂ ಸ್ಪಷ್ಟವೂ ಆದ ಸಾಕ್ಷ್ಯವು ವಿರಳ.

ಫಾಹಿಯಾನನು ಸಿಂಹಳದಿಂದ ಹತ್ತಿದ ಹಡಗಿನಲ್ಲಿ ಇನ್ನೂರಕ್ಕೂ ಹೆಚ್ಚು ಜನರಿದ್ದರು. ಬಿರುಗಾಳಿಗೆ ಸಿಕ್ಕಿ ಹಡಗಿಗೆ ನೀರು ನುಗ್ಗಲಾಗಿ, ವರ್ತಕರು ಭಾರವಾದ ಸರಕುಗಳನ್ನು ಸಮುದ್ರಕ್ಕೆ ಎಸೆಯತೊಡಗಿದರು. ಆಗ ಈತನು ತನ್ನ ಕುಂಡಿಕೆಯನ್ನೂ ಕೈತೊಳೆಯುವ ಪಾತ್ರೆಯನ್ನೂ ತಾನಾಗಿಯೇ ಎಸೆದು, ಗ್ರಂಥಗಳನ್ನೂ ಪ್ರತಿಮಾಚಿತ್ರಗಳನ್ನೂ ವರ್ತಕರು ಎಲ್ಲಿ ಎಸೆದುಬಿಡುವರೋ ಎಂದು ಬೆದರಿ ಅವಲೋಕಿತೇಶ್ವರನನ್ನು ಧ್ಯಾನಿಸಿದನು. ಗ್ರಂಥಗಳೂ ಪ್ರತಿಮೆಗಳೂ ಅವನ ಮನಸ್ಸಿನಲ್ಲಿ ಒಂದೇ ತಕ್ಕಡಿಯಲ್ಲಿ ಇದ್ದುವೆಂಬುದು ಇಲ್ಲಿ ಗಮನಾರ್ಹವಾದುದು.

ಹ್ಯೂಯೆನ್‌ತ್ಸಾಂಗನು ಕ್ರಿ. ಶ. ೬೪೫ರಲ್ಲಿ ಚಾಂಗಾನಿಗೆ ಹಿಂದಿರುಗಿದಾಗ ತಂದ ಸಾಮಗ್ರಿಗಳ ಪಟ್ಟಿಯನ್ನು ಅವನ ಶಿಷ್ಯರು ಬರೆದಿಟ್ಟಿರುವರು. ೬೫೭ ಗ್ರಂಥಗಳು ೫೨೦ ಕಟ್ಟುಗಳಲ್ಲಿದ್ದು, ಎಲ್ಲವನ್ನೂ ೨೦ ಕುದುರೆಗಳು ಹೊತ್ತುವು. ಇವುಗಳೊಡನೆ ಚಿನ್ನ, ಬೆಳ್ಳಿ, ಶ್ರೀಗಂಧಗಳಿಂದ ಮಾಡಿದ ಏಳು ಬುದ್ಧಪ್ರತಿಮೆಗಳು ಇದ್ದುವು. ಪಟ್ಟಿಯಲ್ಲಿ ಈ ಪ್ರತಿಮೆಗಳನ್ನು ನಿರೂಪಿಸಿರುವ ರೀತಿಯು ವಿಶೇಷವಾದುದು. ಪ್ರತಿಯೊಂದರ ಮೊದಲಲ್ಲಿಯೂ ಇಂತಹ ಕ್ಷೇತ್ರದ ಇಂತಹ ಬಿಂಬವನ್ನು ಅನುಕರಿಸಿದುದು ಎಂಬ ಅರ್ಥದ ಅಕ್ಷರವಿದೆ. ಮೃಗದಾವದ ಧರ್ಮಚಕ್ರಪ್ರವರ್ತನಬಿಂಬ, ಗೃಧ್ರಕೂಟದ ಧರ್ಮೋಪದೇಶಬಿಂಬ, ನಗರಹಾರದ ಗುಹೆಯ ಛಾಯಾಬಿಂಬ ಇವೇ ಮೊದಲಾದುವು ಆ ಪಟ್ಟಿಯಲ್ಲಿ ಬರುತ್ತವೆ. ಕೌಶಾಂಬಿಯ ಬಿಂಬವನ್ನು ಅನುಕರಿಸಿದ ಶ್ರೀಗಂಧದ ಪ್ರತಿಮೆಯ ಎತ್ತರವು ಪ್ರಭಾವಳಿ ಪೀಠಗಳೊಡನೆ ಚೀನದ ಅಳತೆಯಲ್ಲಿ ೨ ಅಡಿ ೯ ಅಂಗುಲವೆಂದೂ ಹೇಳಿದೆ. ಪ್ರತಿಮೆಗಳ ಲೋಹದ ಬೆಲೆಯನ್ನಾಗಲಿ ಅವುಗಳ ಪ್ರಾಚೀನತೆಯನ್ನಾಗಲಿ ಲೇಖಕರು ಹೊಗಳಿಲ್ಲ. ಕ್ಷೇತ್ರ, ಬಿಂಬ, ದ್ರವ್ಯ, ಅಳತೆ ಇವಿಷ್ಟನ್ನೇ ನಮೂದಿಸಿರುವರು. ಪ್ರತಿಮೆಯು ಪ್ರತಿಕೃತಿಯೆಂಬುದು ಅವರಿಗೆ ನ್ಯೂನತೆಯಾಗಿ ತೋರಲಿಲ್ಲ. ಅದೇ ಅದರ ಪ್ರಾಮಾಣ್ಯವಾಗಿತ್ತು. ೬೫೨ರಲ್ಲಿ ಈ ಗ್ರಂಥಗಳನ್ನೂ ಪ್ರತಿಮೆಗಳನ್ನೂ ರಕ್ಷಿಸುವುದಕ್ಕಾಗಿ ಚಾಂಗಾನಿನಲ್ಲಿ ಎತ್ತರವಾದ ಸ್ತೂಪಗೋಪುರವನ್ನು ಕಟ್ಟಿಸಲಾಯಿತು.

ಇವುಗಳಲ್ಲಿ ಕೌಶಾಂಬಿಯ ಬಿಂಬದ ಕಥೆಯು ಈ ವಿಚಾರಕ್ಕೆ ಕೀಲಿಕೈಯಂತಿದೆ. ಬುದ್ಧನು ತಾಯಿಗೆ ಧರ್ಮವನ್ನು ಬೋಧಿಸುವುದಕ್ಕಾಗಿ ತ್ರಯಸ್ತ್ರಿಂಶ ಸ್ವರ್ಗಕ್ಕೆ ಹೋಗಿದ್ದಾಗ, ಅವನನ್ನು ಕಾಣದೆ ಕೊರಗಿದ ಉದಯನ ರಾಜನ ಪ್ರಾರ್ಥನೆಯಂತೆ ಮೌದ್ಗಲ್ಯಾಯನನು ಶಿಲ್ಪಿಯನ್ನು ಸ್ವರ್ಗಕ್ಕೆ ಕರೆದೊಯ್ದು, ಬುದ್ಧನ ಲಕ್ಷಣಗಳನ್ನು ಪ್ರತ್ಯಕ್ಷವಾಗಿ ತೋರಿಸಿ, ಶ್ರೀಗಂಧದಲ್ಲಿ ಅವನ ಆಕೃತಿಯನ್ನು ಕಡೆಯಿಸಿದನೆಂದು ಐತಿಹ್ಯವು. ಅನೇಕ ದೇಶಗಳ ಅರಸರು ತಮ್ಮ ಬಲವನ್ನು ನಂಬಿ ಆ ವಿಗ್ರಹವನ್ನು ಎತ್ತಲೆಳಸಿದರೂ ಎಷ್ಟು ಜನರಿಂದಲೂ ಅದು ಅಲುಗಲಿಲ್ಲವೆಂದೂ, ಬಳಿಕ ಅವರು ಅದರ ಪ್ರತಿಕೃತಿಗಳನ್ನು ಮಾಡಿಸಿ ಪೂಜಿಸುತ್ತ ತಮ್ಮ ತಮ್ಮದೇ ನಿಜವೆಂದು ಹೇಳಿಕೊಂಡರೆಂದೂ ಹ್ಯೂಯೆನ್‌ತ್ಸಾಂಗನು ಬರೆದಿರುವನು. ಕಥೆಯಲ್ಲಿನ ಅದ್ಭುತಾಂಶವನ್ನು ಬಿಟ್ಟರೂ ಅದರ ತಾತ್ಪರ್ಯವು ಸ್ಪಷ್ಟವಾಗಿದೆ. ಬಿಂಬವು ಬಲಕ್ಕೆ ವಶವಾಗತಕ್ಕದ್ದಲ್ಲ. ಶಿಲ್ಪಿಯ ಅಳತೆಗೆ ಮಾತ್ರ ವಶವಾಗತಕ್ಕದ್ದು. ಮೂಲವೆನಿಸಿದ ಆ ವಿಗ್ರಹವೂ ಜೀವಂತನಾದ ಬುದ್ಧನ ಪ್ರತಿಕೃತಿಯೇ ಆಗಿತ್ತೆಂಬುದನ್ನೂ ಮರೆಯಲಾಗದು.

ಈ ಪರಂಪರೆಯು ಚೀನದಿಂದ ಜಪಾನಿಗೂ ಹಬ್ಬಿತು. ಉದಯನನು ಮಾಡಿಸಿದುದೆಂದು ಚೀನದಲ್ಲಿ ಪೂಜೆಗೊಳ್ಳುತ್ತಿದ್ದ ವಿಗ್ರಹವೊಂದನ್ನು ೯೮೩ರಲ್ಲಿ ಆ ದೇಶಕ್ಕೆ ಹೋದ ಚೋನೆನ್ ಎಂಬ ಜಪಾನೀ ಭಿಕ್ಷುವು ದರ್ಶನಮಾಡಿ, ೯೮೫ರಲ್ಲಿ ಸ್ಥಳೀಯ ಶಿಲ್ಪಿಗಳಿಂದ ಅದರ ಪ್ರತಿಕೃತಿಯನ್ನು ಕಡೆಯಿಸಿ ಸ್ವದೇಶಕ್ಕೆ ಒಯ್ದನು. ಅದು ಈಗಲೂ ಕ್ಯೋಟೋ ನಗರದ ಸೇರ್ಯೋಜಿ ದೇವಾಲಯದಲ್ಲಿದೆ. ೧೯೫೪ರಲ್ಲಿ ಅದರ ಬೆನ್ನಿನ ಪೊಟರೆಯನ್ನು ತೆರೆದಾಗ, ರೇಷ್ಮೆಯಿಂದ ಹೊಲಿದ ಕರುಳು ಮೊದಲಾದ ಅವಯವಗಳೂ ಆ ಕಾಲದ ಲೇಖಗಳೂ ದೊರೆತುವು. ಅದನ್ನು ಮಾಡಿಸಿದವರಿಗೆ ಪ್ರತಿಕೃತಿಯು ಜೀವವುಳ್ಳದ್ದಾಗಿತ್ತೆಂಬುದಕ್ಕೆ ಬೇರೆ ಸಾಕ್ಷ್ಯವೇಕೆ? ಚೀನದಲ್ಲಿ ಉಳಿದಿದ್ದ ವಿಗ್ರಹವಾದರೋ ಪೆಕಿಂಗ್ ನಗರದ ದೇವಾಲಯದಲ್ಲಿದ್ದು, ೧೯೦೦ರ ಯುದ್ಧದಲ್ಲಿ ಆ ದೇವಾಲಯವು ನಾಶವಾದ ಮೇಲೆ ಕಾಣದಾಯಿತು. ಒಯ್ದ ಪ್ರತಿಕೃತಿಯು ಉಳಿಯಿತು. ಇದ್ದಲ್ಲಿಯೇ ಇದ್ದುದು ಅಳಿಯಿತು.

ಇನ್ನು ಬೋಧಗಯೆಯ ವಿಚಾರಕ್ಕೆ ಬರಬಹುದು. ವಜ್ರಾಸನದ ಬುದ್ಧಬಿಂಬವು ಬೌದ್ಧರಿಗೆಲ್ಲ ಪರಮಪೂಜ್ಯವಾದುದರಿಂದ ಅದರ ಪ್ರತಿಕೃತಿಗಳಿಗೆ ಹೆಚ್ಚಿನ ಆದರವಿತ್ತು. ಚೀನದ ರಾಯಭಾರಿ ವಾಂಗ್ ಹ್ಯುಯೆನ್‌ತ್ಸೆ ಎಂಬವನೊಡನೆ ಬಂದ ಸುಂಗ್ ಫಾಚಿಹ್ ಎಂಬ ಶಿಲ್ಪಿಯು ಆ ಬಿಂಬವನ್ನು ಚಿತ್ರಿಸಿಕೊಂಡು ಹೋದನು. ರಾಯಭಾರಿಯು ತಂದ ಚಿತ್ರವನ್ನು ಅನುಸರಿಸಿ ೬೬೫ರಲ್ಲಿ ಲೋಯಾಂಗ್ ನಗರದ ವಿಹಾರವೊಂದರಲ್ಲಿ ಪ್ರತಿಮೆಯನ್ನು ಮಾಡಿಸಲಾಯಿತು. ೬೭೧ರಲ್ಲಿ ಹೊರಟು ೬೯೫ರಲ್ಲಿ ಮರಳಿದ ಇತ್ಸಿಂಗನು ಸುಮಾರು ೪೦೦ ಗ್ರಂಥಗಳೊಡನೆ ವಜ್ರಾಸನದ ಯಥಾರ್ಥ ರೂಪವನ್ನೂ ಒಯ್ದನು. ಭಾರತದಲ್ಲಿ ಭಿಕ್ಷುಗಳೂ ಗೃಹಸ್ಥರೂ ಮಣ್ಣಿನಿಂದ ಚೈತ್ಯಗಳನ್ನು ಮಾಡುವರೆಂದೂ, ರೇಷ್ಮೆಯ ಮೇಲೂ ಕಾಗದದ ಮೇಲೂ ಬುದ್ಧನ ಆಕೃತಿಯನ್ನು ಅಚ್ಚೊತ್ತುವರೆಂದೂ ಇವನು ತಿಳಿಸಿರುವನು.

ಇತ್ಸಿಂಗನ ಮಾತಿಗೆ ಅನುಗುಣವಾಗಿ ಬೋಧಗಯೆಯ ಅಗೆತದಲ್ಲಿ ಅಚ್ಚೊತ್ತಿದ ಮಣ್ಣಿನ ಮುದ್ರೆಗಳು ಬಹುಸಂಖ್ಯೆಯಲ್ಲಿ ದೊರೆತಿರುವುವು. ಹಲವುಗಳಲ್ಲಿ ಭೂಮಿಸ್ಪರ್ಶಮುದ್ರೆಯ ಬುದ್ಧನೂ, ಅವನ ಮೇಲೆ ಮಹಾಬೋಧಿ ದೇವಾಲಯದ ಶಿಖರವೂ, ಕೆಳಗೆ ಹೇತುಪ್ರಭವಗಳಾದ ಧರ್ಮಗಳನ್ನು ಸಂಗ್ರಹಿಸಿ ಹೇಳುವ ಗಾಥೆಯೂ ಇವೆ. ಅಂಗೈಯಲ್ಲಿ ಅಡಗುವ ಇಂತಹ ಮುದ್ರೆಯನ್ನು ಬಡವನೂ ಪಡೆದು ಒಯ್ಯಬಹುದಾಗಿತ್ತು. ಬ್ರಹ್ಮದೇಶದ (ಇಂದಿನ ಮ್ಯಾನ್ಮಾರಿನ) ಪಗಾನ್ ನಗರದಲ್ಲಿ, ೧೧ನೆಯ ಶತಮಾನದಲ್ಲಿ ಆಳಿದ ಅನಿರುದ್ಧ ರಾಜನ ಹೆಸರುಳ್ಳ ಇದೇ ಬಗೆಯ ಫಲಕಗಳು ಸಿಕ್ಕಿವೆ. ಭಾರತದ ಅಚ್ಚಿನ ಪದ್ಧತಿಯು ಅಲ್ಲಿಯ ರಾಜನಿಗೂ ಪುಣ್ಯಸಾಧನವಾಗಿ ಪರಿಣಮಿಸಿತ್ತೆಂದು ಇದರಿಂದ ತಿಳಿಯುತ್ತದೆ.

ಮುದ್ರೆಗಳಿಗಿಂತ ಬೆಲೆಯುಳ್ಳವು ದೇವಾಲಯದ ಕಿರುರೂಪಗಳು. ೧೧, ೧೨ನೆಯ ಶತಮಾನಗಳ ಸುಮಾರಿನಲ್ಲಿ ಮಗಧದ ಶಿಲ್ಪಿಗಳು ಮಹಾಬೋಧಿ ದೇವಾಲಯವನ್ನು ಕಲ್ಲಿನಲ್ಲಿ ಚಿಕ್ಕದಾಗಿ ಕಡೆದು ಯಾತ್ರಿಕರಿಗೆ ಒದಗಿಸುತ್ತಿದ್ದರು. ಕೆಲವು ಗೇಣಿಗೂ ಕಡಮೆ ಎತ್ತರವುಳ್ಳವು. ನಡುವಣ ಮಹಾಶಿಖರ, ನಾಲ್ಕು ಮೂಲೆಗಳ ಕಿರುಶಿಖರಗಳು, ಗೋಡೆಯ ಗೂಡುಗಳಲ್ಲಿನ ಪ್ರತಿಮೆಗಳು ಇವೆಲ್ಲವನ್ನೂ ಆ ಅಲ್ಪ ಪ್ರಮಾಣದಲ್ಲಿಯೇ ತೋರಿಸಿರುವರು. ಇಂತಹ ಕಿರುರೂಪಗಳು ನೇಪಾಳ, ಟಿಬೆಟ್, ಆರಕಾನ್ ಮೊದಲಾದ ದೂರ ದೇಶಗಳಲ್ಲಿ ದೊರೆತಿವೆ. ಟಿಬೆಟ್ಟಿನ ನರ್ಥಾಂಗ್ ವಿಹಾರದಲ್ಲಿ ಅವುಗಳನ್ನು ಪೂಜ್ಯವಸ್ತುಗಳಾಗಿ ರಕ್ಷಿಸಿಟ್ಟಿದ್ದರು. ಪಗಾನಿನಲ್ಲಿ ೧೩ನೆಯ ಶತಮಾನದಲ್ಲಿಯೂ, ಸಯಾಮಿನ ಉತ್ತರದ ಚಿಯಾಂಗ್‌ಮಾಯ್ ನಗರದಲ್ಲಿ ೧೫ನೆಯ ಶತಮಾನದಲ್ಲಿಯೂ ಮಹಾಬೋಧಿಯ ಅನುಕರಣದ ದೇವಾಲಯಗಳು ಎದ್ದುವು. ಪೆಕಿಂಗಿನಲ್ಲಿ ೧೪೭೩ರಲ್ಲಿ ಮುಗಿದ ಪಂಚಶಿಖರದ ದೇವಾಲಯಕ್ಕೆ ಭಾರತದ ಪಂಡಿತನೊಬ್ಬನು ಹಿಂದೆ ಚಕ್ರವರ್ತಿಗೆ ಅರ್ಪಿಸಿದ್ದ ವಜ್ರಾಸನದ ಕಿರುರೂಪವೇ ಮಾದರಿಯಾಯಿತೆಂದು ಚೀನದ ದಾಖಲೆಗಳು ಹೇಳುತ್ತವೆ. ಯಾತ್ರಿಕನ ಗಂಟಿನಲ್ಲಿ ಹೋದ ಬೀಜವು ಪರದೇಶದ ಮಣ್ಣಿನಲ್ಲಿ ಮರವಾಗಿ ಬೆಳೆದಂತಾಯಿತು.

ಇತ್ತ ಮೂಲಕ್ಷೇತ್ರದಲ್ಲಿ ಬೌದ್ಧಧರ್ಮವು ಕ್ಷೀಣಿಸಿತು. ೧೨೯೫ರಿಂದ ೧೨೯೮ರವರೆಗೆ ಬ್ರಹ್ಮದೇಶದವರು ಮಾಡಿದ ಜೀರ್ಣೋದ್ಧಾರವನ್ನು ಅಲ್ಲಿಯ ಶಾಸನವೊಂದು ತಿಳಿಸುತ್ತದೆ. ಕಾಲಕ್ರಮದಲ್ಲಿ ದೇವಾಲಯವು ಶಿಥಿಲವಾಗಿ, ಸುತ್ತಲೂ ಮಣ್ಣು ತುಂಬಿತು. ೧೮೭೭ರಲ್ಲಿ ಬ್ರಹ್ಮದೇಶದ ರಾಜನು ಕಳುಹಿಸಿದವರು ಕೆಲಸಕ್ಕೆ ಕೈಹಾಕಲು, ಪ್ರಾಚೀನ ಭಾಗಗಳು ಕೆಡುತ್ತಿರುವುವೇ ಎಂಬುದನ್ನು ಪರೀಕ್ಷಿಸುವುದಕ್ಕಾಗಿ ರಾಜೇಂದ್ರಲಾಲ ಮಿತ್ರನನ್ನು ಸರ್ಕಾರವು ನಿಯಮಿಸಿತು. ಅನಂತರ ೧೮೮೦ರಿಂದ ಕನ್ನಿಂಗ್‌ಹ್ಯಾಮ್ ಮತ್ತು ಬೆಗ್ಲರ್ ಇವರ ನೇತೃತ್ವದಲ್ಲಿ ಸರ್ಕಾರವೇ ಜೀರ್ಣೋದ್ಧಾರವನ್ನು ನಡೆಸಿತು. ಬಿದ್ದುಹೋದ ಭಾಗಗಳು, ಮುಖ್ಯವಾಗಿ ಮೂಲೆಯ ಶಿಖರಗಳು, ಹಿಂದೆ ಹೇಗಿದ್ದುವೆಂಬುದನ್ನು ಹೇಳಬಲ್ಲವರು ಯಾರು? ಅಗೆಯುವಾಗ ದೊರೆತ ಕಲ್ಲಿನ ಕಿರುರೂಪವೊಂದು ಈ ಪ್ರಶ್ನೆಗೆ ಉತ್ತರವಿತ್ತಿತು. ಅದನ್ನು ಮಾದರಿಯಾಗಿ ಇಟ್ಟುಕೊಂಡು ದೇವಾಲಯವನ್ನು ಮತ್ತೆ ಎತ್ತಲಾಯಿತು. ಈ ಕಾರ್ಯದ ಕೆಲವಂಶಗಳು ಟೀಕೆಗೆ ಗುರಿಯಾದುದು ನಿಜ. ಕಿರುರೂಪವು ತನ್ನ ಕಾಲದ ದೇವಾಲಯಕ್ಕೆ ಸಾಕ್ಷಿಯೇ ಹೊರತು, ಹ್ಯೂಯೆನ್‌ತ್ಸಾಂಗನು ಕಂಡ ರೂಪಕ್ಕೆ ಸಾಕ್ಷಿಯಾಗಲಾರದೆಂಬ ಆಕ್ಷೇಪವೂ ಯುಕ್ತವೇ. ಆದರೂ ಯಾತ್ರಿಕರಿಗಾಗಿ ಕಡೆದ ಅಲ್ಪವಸ್ತುವು ಮಹಾದೇವಾಲಯಕ್ಕೆ ಪ್ರಮಾಣವಾಯಿತೆಂಬುದು ನಿರ್ವಿವಾದವಾದ ಸಂಗತಿ.

ಇದಕ್ಕೆ ಹಿಂದೆಯೇ ಬೇರೊಂದು ಬಗೆಯ ಸಂಗ್ರಹವೂ ನಡೆದಿತ್ತು. ಕಂಪೆನಿ ಸರ್ಕಾರದ ಸೇನಾಧಿಕಾರಿ ಚಾರ್ಲ್ಸ್ ಸ್ಟುಅರ್ಟನು ಬಂಗಾಳ, ಬಿಹಾರ, ಒಡಿಶಾ ಪ್ರಾಂತಗಳ ಮೂಲವಿಗ್ರಹಗಳನ್ನು ಕಲ್ಕತ್ತೆಯ ತನ್ನ ಮನೆಯಲ್ಲಿ ಕೂಡಿಹಾಕಿದನು. ಈತನು ಹಿಂದೂ ಆಚಾರಗಳಲ್ಲಿ ಶ್ರದ್ಧೆಯುಳ್ಳವನೆಂದು ಪ್ರಸಿದ್ಧನಾಗಿದ್ದನು. ೧೮೨೮ರಲ್ಲಿ ಅವನು ತೀರಿಕೊಂಡ ಮೇಲೆ ಆ ವಿಗ್ರಹಗಳು ಲಂಡನ್ನಿಗೆ ಹೋಗಿ, ಕೈ ಬದಲಾಗಿ, ೧೮೭೨ರಲ್ಲಿ ಬ್ರಿಟಿಷ್ ಮ್ಯೂಸಿಯಮ್ಮನ್ನು ಸೇರಿದುವು. ಅವು ಅಲ್ಲಿ ಸುರಕ್ಷಿತವಾಗಿವೆ ಎಂಬುದನ್ನು ಒಪ್ಪಬೇಕು. ಆದರೆ ಅವು ನಿಂತಿದ್ದ ಪೀಠಗಳು ಬರಿದಾದುವು ಎಂಬುದನ್ನೂ ಒಪ್ಪಬೇಕು. ಶ್ರದ್ಧೆಯು ಇಬ್ಬರಲ್ಲಿಯೂ ಇದ್ದಿತು. ಯಾತ್ರಿಕನ ಶ್ರದ್ಧೆಯು ಶಿಲ್ಪಿಗೆ ಕೆಲಸವನ್ನು ಕೊಟ್ಟು ಬಿಂಬವನ್ನು ಸ್ವಸ್ಥಾನದಲ್ಲಿ ಬಿಟ್ಟಿತು. ಸಂಗ್ರಾಹಕನ ಶ್ರದ್ಧೆಯು ಬಿಂಬವನ್ನೇ ಎತ್ತಿಕೊಂಡು ಹೋಯಿತು. ಕೌಶಾಂಬಿಯಲ್ಲಿ ಅರಸರಿಂದ ಆಗದ ಕಾರ್ಯವನ್ನು ಹಡಗುಗಳೂ ಹಣವೂ ಮಾಡಿದುವು.

೧೯೭೨ರ ಪ್ರಾಚೀನವಸ್ತುಗಳ ಕಾಯಿದೆಯು ನೂರು ವರ್ಷಗಳಿಗೆ ಕಡಮೆಯಿಲ್ಲದ ಶಿಲ್ಪಗಳನ್ನು ಖಾಸಗಿಯವರು ದೇಶದಿಂದ ಹೊರಕ್ಕೆ ಸಾಗಿಸದಂತೆ ನಿಷೇಧಿಸಿದೆ. ಹೀಗಿದ್ದರೂ ಹಳೆಯದೆಂಬ ಮಾತಿಗೆ ಮರುಳಾಗಿ ಅಧಿಕ ಬೆಲೆ ತೆರುವ ಪ್ರವಾಸಿಗಳು ಎಲ್ಲ ದೇಶಗಳಲ್ಲಿಯೂ ಇರುವರು. ಅವರ ಆಸೆಯೇ ಕಳ್ಳರಿಗೆ ಬಂಡವಾಳ. ಹೊಸ ಕೆಲಸವನ್ನು ಹೊಸದೆಂದೇ ತಿಳಿದು, ಅದರ ಅಳತೆಯನ್ನೂ ನಯವನ್ನೂ ಪರೀಕ್ಷಿಸಿ, ಶಿಲ್ಪಿಗೆ ತಕ್ಕ ಬೆಲೆಯನ್ನು ಕೊಟ್ಟು ಕೊಳ್ಳುವವನು ಹ್ಯೂಯೆನ್‌ತ್ಸಾಂಗನ ದಾರಿಯಲ್ಲಿ ನಡೆದಂತಾಗುವುದು. ಹಾಗೆ ಕೊಂಡ ಅಲ್ಪವಸ್ತುವು ಎಂದಾದರೊಂದು ದಿನ ಯಾವ ಕಟ್ಟಡಕ್ಕೆ, ಯಾವ ಬಿಂಬಕ್ಕೆ, ಮರೆತುಹೋದ ಯಾವ ಕೌಶಲಕ್ಕೆ ಸಾಕ್ಷಿಯಾಗಬೇಕಾಗುವುದೋ ಹೇಳಬರುವಂತಿಲ್ಲ. ಬೋಧಗಯೆಯ ಕಿರುಗಲ್ಲನ್ನು ಕಡೆದ ಶಿಲ್ಪಿಗೂ ಅದು ತಿಳಿದಿರಲಿಲ್ಲ.