ರಂಗೋಲಿಯಂಥ ಕೀಲಿ

ನಮ್ಮ ಹಳಿಯಾಳದಲ್ಲಿ ಕನ್ನಡದವರು ನೀರು ಎಂದರೆ ಮರಾಠಿಯವರು ಪಾಣಿ, ಕೊಂಕಣಿಯವರು ಉದಾಕ ಎನ್ನುತ್ತಾರೆ. ಕೊಡ ಮಾತ್ರ ಒಂದೇ. ಮಗಳು ಬಿಟ್ಟುಹೋದ ಮ್ಯಾಕ್ ಕಂಪ್ಯೂಟರಿನಲ್ಲಿ ಅವ್ವನ ಬೀಸುವ ಪದಗಳನ್ನು ಬರೆದಿಡಲು ಕೂತಾಗ ಇದೇ ನೆನಪಾಯಿತು. ಶಾಲೆಯ ವಿಂಡೋಸ್‌ನಲ್ಲಿ ನಕಲಿಗೆ ಕಂಟ್ರೋಲ್ ಜೊತೆ ಸಿ ಒತ್ತಬೇಕು. ಇಲ್ಲಿ ಸಿ ಅದೇ, ಜೊತೆಗಾತಿ ಬೇರೆ: ಹೆಬ್ಬೆರಳಿಗೆ ಹತ್ತಿರವಿರುವ ಕಮಾಂಡ್ ಕೀಲಿ.

ಕತ್ತರಿಸಿ, ನಕಲಿಸಿ, ಅಂಟಿಸುವ ಕ್ರಮವನ್ನು 1970ರ ದಶಕದಲ್ಲಿ ಅಮೆರಿಕದ ಜೆರಾಕ್ಸ್ ಸಂಸ್ಥೆಯಲ್ಲಿ ಲ್ಯಾರಿ ಟೆಸ್ಲರ್ ಮತ್ತು ಸಂಗಡಿಗರು ರೂಪಿಸಿದರು. ಆಪಲ್ ಕಂಪನಿ ಅವಕ್ಕೆ ಎಕ್ಸ್, ಸಿ, ವಿ ಅಕ್ಷರಗಳನ್ನೂ, ಮಾಡಿದ್ದನ್ನು ರದ್ದುಮಾಡಲು ಝಡ್ ಅನ್ನೂ ಕೊಟ್ಟಿತು. 1984ರ ಮ್ಯಾಕಿಂಟಾಷ್‌ನ ಕಮಾಂಡ್ ಗುರುತನ್ನು ಆರಿಸಿದವರು ಸೂಸನ್ ಕೇರ್ ಎಂಬ ಕಲಾವಿದೆ. ಸ್ವೀಡನ್ನಿನಲ್ಲಿ ಅದು ಪ್ರೇಕ್ಷಣೀಯ ಸ್ಥಳದ ಗುರುತು. ನನ್ನ ಕಣ್ಣಿಗೆ ನಾಲ್ಕು ಮೂಲೆಗೂ ಸುಳಿಯಿಟ್ಟ ಅಂಗಳದ ರಂಗೋಲಿ. 1992ರ ವಿಂಡೋಸ್ 3.1 ಅದೇ ನಾಲ್ಕು ಅಕ್ಷರಗಳನ್ನು ಕಂಟ್ರೋಲ್ ಜೊತೆ ಸೇರಿಸಿಕೊಂಡಿತು.

ಎಲ್ಲವೂ ಹೀಗೆ ಸುಲಭವಾಗಿ ಹೊಂದುವುದಿಲ್ಲ. ವಿಂಡೋಸ್‌ನಲ್ಲಿ ಆಲ್ಟ್ ಮತ್ತು ಎಫ್4 ಒತ್ತಿ ಮುಚ್ಚುವುದನ್ನು ಇಲ್ಲಿ ಕಮಾಂಡ್ ಮತ್ತು ಕ್ಯೂ ಮುಚ್ಚುತ್ತವೆ. ಲಿನಕ್ಸ್‌ನ ಟರ್ಮಿನಲ್‌ನಲ್ಲಂತೂ ಕಂಟ್ರೋಲ್ ಸಿ ಎಂದರೆ ನಡೆಯುವ ಕೆಲಸವನ್ನೇ ನಿಲ್ಲಿಸು ಎಂದರ್ಥ. ನಕಲಿಗೆ ಶಿಫ್ಟ್ ಕೂಡ ಬೇಕು. ಮರಾಠಿ ಮನೆಯ ಮಕ್ಕಳು ಅಕ್ಕೋರನ್ನು ‘ಬಾಯಿ’ ಎಂದು ಕರೆದರೆ ಕನ್ನಡದ ಮಕ್ಕಳು ತುಟಿ ಮುಟ್ಟಿಕೊಂಡು ನಗುತ್ತಾರಲ್ಲ, ಹಾಗೆ.

ಮೂರು ಭಾಷೆಯಲ್ಲಿ ಸಂತೆ ಮಾಡಿ ಬರುವ ಹೆಂಗಸರು ನಾವು. ಯಂತ್ರ ಬದಲಾಯಿತೆಂದು ಮಗನನ್ನೋ ಅಳಿಯನನ್ನೋ ಕಾಯುತ್ತ ಕೂತರೆ ಅವ್ವನ ಪದಗಳು ವಹಿಯಲ್ಲೇ ಉಳಿಯುತ್ತವೆ. ಗೆದ್ದಲು ಯಾರನ್ನೂ ಕಾಯುವುದಿಲ್ಲ.