ಲವಂಗದ ಎಣ್ಣೆ ಮತ್ತು ಬ್ಯಾಕ್ಟೀರಿಯಾಗಳ ಕೋರಂ

ಕಾಶಿಯಾತ್ರೆ ಮಾಡಿದ ಕನ್ನಡಿಗರಿಗೆ ವಿಶ್ವನಾಥ ಗಲ್ಲಿ ಸುಪರಿಚಿತ. ದೇವರ ದರ್ಶನ ಮುಗಿಸಿ, ಲವಂಗ ಚುಚ್ಚಿದ ಬನಾರಸಿ ಬೀಡಾ ಸವಿದು ಬರುವವರು ನಮ್ಮಲ್ಲಿ ಅನೇಕರು. ಈ ಲವಂಗದ ಎಣ್ಣೆಯನ್ನು ಕುರಿತು ಅದೇ ಉತ್ತರ ಪ್ರದೇಶದ ಅಲೀಗಢ ಮುಸ್ಲಿಂ ವಿಶ್ವವಿದ್ಯಾಲಯದ ವಿಜ್ಞಾನಿಗಳು 2009ರಲ್ಲಿ ಪ್ರಕಟಿಸಿದ ಸಂಶೋಧನೆಯೊಂದನ್ನು ಓದುಗರಿಗೆ ಪರಿಚಯಿಸಲು ಇಚ್ಛಿಸುತ್ತೇವೆ.

ಸಂಘದ ಮಹಾಸಭೆ ನಿರ್ಣಯ ಕೈಗೊಳ್ಳಬೇಕಾದರೆ ಕೋರಂ ಇರಬೇಕಷ್ಟೆ. ಬ್ಯಾಕ್ಟೀರಿಯಾಗಳಲ್ಲಿಯೂ ಇಂತಹ ಕ್ರಮವುಂಟು. ಅವು ಸಂಕೇತದ ಅಣುಗಳನ್ನು ಹೊರಸೂಸುತ್ತವೆ. ಅವುಗಳ ಸಂಖ್ಯೆ ಹೆಚ್ಚಿದಂತೆ ಸಂಕೇತವೂ ದಟ್ಟವಾಗಿ, ನಿರ್ದಿಷ್ಟ ಮಿತಿ ಮುಟ್ಟಿದೊಡನೆ ಒಟ್ಟಾಗಿ ವಿಷವಸ್ತುಗಳನ್ನು ತಯಾರಿಸಲು, ರಕ್ಷಣೆಗಾಗಿ ಅಂಟಿನ ಪೊರೆ ಕಟ್ಟಲು ತೊಡಗುತ್ತವೆ. ಇದಕ್ಕೆ ‘ಕೋರಂ ಸೆನ್ಸಿಂಗ್’ ಎಂಬ ಹೆಸರು ಬಂದುದು 1994ರಲ್ಲಿ.

ಆಂಟಿಬಯೋಟಿಕ್ ಔಷಧಗಳು ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತವೆ ಅಥವಾ ಅವುಗಳ ಬೆಳವಣಿಗೆಯನ್ನು ತಡೆಯುತ್ತವೆ. ಆದರೆ ಔಷಧಕ್ಕೆ ಜಗ್ಗದೆ ಉಳಿದವು ಮತ್ತೆ ವೃದ್ಧಿಯಾಗುತ್ತವೆ. ಕೊಲ್ಲದೆ, ಅವುಗಳ ಸಂಭಾಷಣೆಯನ್ನಷ್ಟೇ ಕೆಡಿಸಿದರೆ ಈ ಪ್ರತಿರೋಧ ಕಡಿಮೆಯಾದೀತೆಂಬುದು ವಿಜ್ಞಾನಿಗಳ ನಿರೀಕ್ಷೆ.

ಅಲೀಗಢದ ತಂಡವು 21 ಸಸ್ಯತೈಲಗಳನ್ನು ಪರೀಕ್ಷಿಸಿತು. ಇದಕ್ಕೆ ಬಳಸಿದ ಕ್ರೋಮೋಬ್ಯಾಕ್ಟೀರಿಯಂ ಎಂಬ ಜೀವಾಣು ಸಂಕೇತ ದೊರೆತಾಗ ನೇರಳೆ ಬಣ್ಣ ತಾಳುತ್ತದೆ. ಜೀವಾಣು ಬದುಕಿದ್ದೂ ಬಣ್ಣ ಕುಂದಿದರೆ ಸಂಭಾಷಣೆ ಕೆಟ್ಟಿದೆಯೆಂದು ಅರ್ಥ. ಲವಂಗದ ಎಣ್ಣೆ ಈ ಗುಣವನ್ನು ಚೆನ್ನಾಗಿ ತೋರಿತು. ದಾಲ್ಚಿನ್ನಿ ಎಣ್ಣೆಯಲ್ಲಿಯೂ ಅದು ಕಂಡುಬಂದಿತು. ಆದರೆ ಲವಂಗದ ಮುಖ್ಯ ಘಟಕವಾದ ಯೂಜಿನಾಲ್ ಒಂದನ್ನೇ ಬಳಸಿದಾಗ ಆ ಪರೀಕ್ಷೆಯಲ್ಲಿ ಪರಿಣಾಮ ಕಾಣಲಿಲ್ಲ.

ನಮ್ಮ ಅಡುಗೆಮನೆಯ ಅರಿಶಿನದ ಕರ್ಕ್ಯುಮಿನ್, ಬೆಳ್ಳುಳ್ಳಿಯ ಅಜೋಯಿನ್ ಕೂಡ ಪ್ರಯೋಗಾಲಯದಲ್ಲಿ ಇಂತಹ ಗುಣ ತೋರಿವೆ. ಹಾಗೆಂದು ಇವು ಔಷಧಗಳಾದುವೆಂದು ಭಾವಿಸಲಾಗದು. ಸಿಸ್ಟಿಕ್ ಫೈಬ್ರೋಸಿಸ್ ರೋಗಿಗಳಿಗೆ ಬೆಳ್ಳುಳ್ಳಿ ಕ್ಯಾಪ್ಸೂಲ್ ನೀಡಿ ಬ್ರಿಟನ್ನಿನಲ್ಲಿ ನಡೆಸಿ, 2010ರಲ್ಲಿ ಪ್ರಕಟಿಸಿದ ಸಣ್ಣ ಪ್ರಯೋಗದಲ್ಲಿ ಗಣನೀಯ ಪ್ರಯೋಜನ ಸಿದ್ಧವಾಗಲಿಲ್ಲ. ಗಾಜಿನ ತಟ್ಟೆಯಲ್ಲಿ ಫಲಿಸಿದ್ದು ದೇಹದಲ್ಲಿಯೂ ಫಲಿಸಬೇಕೆಂದಿಲ್ಲ.

ಆದುದರಿಂದ ಮನೆಯಲ್ಲಿ ಮಕ್ಕಳಿಗೆ ಸೋಂಕು ತಗುಲಿದಾಗ ವೈದ್ಯರು ಬರೆದುಕೊಟ್ಟ ಔಷಧವನ್ನು ಬಿಟ್ಟು ಲವಂಗದ ಎಣ್ಣೆಯನ್ನು ನಂಬುವುದು ಸಲ್ಲದು. ಅದನ್ನು ಕುಡಿಸುವುದಂತೂ ಅಪಾಯಕರ. ಹಿರಿಯರ ಸಾಂಬಾರ ಡಬ್ಬಿಯಲ್ಲಿ ವಿಜ್ಞಾನಕ್ಕೆ ಒಳ್ಳೆಯ ಪ್ರಶ್ನೆಗಳಿವೆ. ಉತ್ತರ ಪೂರ್ಣವಾಗುವವರೆಗೆ ಕಾಯುವ ತಾಳ್ಮೆ ನಮ್ಮದಾಗಿರಲಿ.