ದಾಖಲೆಗಳ ದೀರ್ಘಕಾಲೀನ ಸಂರಕ್ಷಣೆಗೆ ಡಿಸ್ಕ್‌ಗಳ ಆಯ್ಕೆ: ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳ ಸಾರ್ವಜನಿಕರಿಗೆ ಮಾಹಿತಿ

ಜಮೀನು ಮಂಜೂರಾತಿ, ಖಾತೆ ಬದಲಾವಣೆ, ಪುನರ್ವಸತಿ ಮುಂತಾದ ವಿಷಯಗಳಲ್ಲಿ ಅರ್ಜಿ ಸಲ್ಲಿಸುವವರು ಹಲವು ದಶಕಗಳ ಹಿಂದಿನ ಕಾಗದಪತ್ರಗಳನ್ನು ಹಾಜರುಪಡಿಸಬೇಕಾಗುತ್ತದೆ. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟೆಯಿಂದ ಸಾಗರ ಮತ್ತು ಹೊಸನಗರ ತಾಲ್ಲೂಕುಗಳ ಅನೇಕ ಗ್ರಾಮಗಳು ಮುಳುಗಡೆಯಾದವು. ಅಲ್ಲಿಂದ ಸ್ಥಳಾಂತರಗೊಂಡ ಕುಟುಂಬಗಳಿಗೆ ಹಳೆಯ ಪತ್ರವೊಂದು ಕಳೆದರೆ ಆಗುವ ತೊಂದರೆ ಸಣ್ಣದಲ್ಲ. ಗೆದ್ದಲು, ಬೂಷ್ಟುಗಳಿಗೆ ಹೆದರಿ ಇಂತಹ ಪತ್ರಗಳನ್ನು ಸ್ಕ್ಯಾನ್ ಮಾಡಿಸಿ ಸಿ.ಡಿ. ಅಥವಾ ಡಿ.ವಿ.ಡಿ.ಯಲ್ಲಿ ಇರಿಸುವವರು ಡಿಸ್ಕ್ ಕೂಡ ಕೆಡುತ್ತದೆ ಎಂಬುದನ್ನು ಗಮನಿಸುವುದು ಅವಶ್ಯ.

ಡಿಸ್ಕ್ ಕೆಡುವ ಬಗೆ

ಸಿ.ಡಿ-ಆರ್‌ನಲ್ಲಿ ಪಾಲಿಕಾರ್ಬೊನೇಟ್ ತಟ್ಟೆಯ ಮೇಲೆ ಬಣ್ಣದ ಪದರ, ಅದರ ಮೇಲೆ ಬೆಳಕನ್ನು ಪ್ರತಿಫಲಿಸುವ ಲೋಹದ ಪದರ, ಕೊನೆಗೆ ತೆಳುವಾದ ಮೆರುಗೆಣ್ಣೆ ಲೇಪ ಇರುತ್ತದೆ. ಮಾಹಿತಿ ಅಡಗಿರುವುದು ಬಣ್ಣದಲ್ಲಿ. ಬಿಸಿಲು ಮತ್ತು ಶಾಖದಿಂದ ಬಣ್ಣ ಕೆಡುತ್ತದೆ. ತೇವ ಮತ್ತು ಗಂಧಕದ ಅಂಶವಿರುವ ಗಾಳಿಯಿಂದ ಬೆಳ್ಳಿಯ ಪದರ ಕಪ್ಪಾಗುತ್ತದೆ. ಚಿನ್ನದ ಪದರಕ್ಕೆ ಈ ದೋಷವಿಲ್ಲ. ಬಣ್ಣಗಳಲ್ಲಿ ಸಯನೈನ್‌ಗಿಂತ ಥ್ಯಾಲೊಸಯನೈನ್ ಸ್ಥಿರವಾದುದು. ಸಿ.ಡಿ.ಯ ಮೇಲ್ಭಾಗದ ಗೀರು ಕೆಳಭಾಗದ ಗೀರಿಗಿಂತ ಅಪಾಯಕರ. ಲೋಹದ ಪದರ ಅಲ್ಲಿಯೇ ಇದೆ. ಡಿ.ವಿ.ಡಿ.ಯಲ್ಲಿ ಅದು ತಲಾ 0.6 ಮಿ.ಮೀ. ದಪ್ಪದ ಎರಡು ತಟ್ಟೆಗಳ ನಡುವೆ ಇರುವುದರಿಂದ ಹೆಚ್ಚು ರಕ್ಷಣೆ ಉಂಟು.

ಅಮೆರಿಕದ ರಾಷ್ಟ್ರೀಯ ಮಾನಕ ಮತ್ತು ತಂತ್ರಜ್ಞಾನ ಸಂಸ್ಥೆಯು 2003ರ ಮಾರ್ಗದರ್ಶಿಯಲ್ಲಿ ದೀರ್ಘ ಸಂಗ್ರಹಕ್ಕೆ 4ರಿಂದ 20 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಹಾಗೂ ಶೇ. 20ರಿಂದ 50ರ ಆರ್ದ್ರತೆಯನ್ನು ಸೂಚಿಸಿದೆ. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವಾರ್ಷಿಕ ಸರಾಸರಿ ಮಳೆ 7,000 ಮಿ.ಮೀ.ಗೂ ಅಧಿಕ. ಮಳೆಗಾಲದಲ್ಲಿ ಬಟ್ಟೆಯೇ ಒಣಗದ ಮನೆಯಲ್ಲಿ ಆ ಆರ್ದ್ರತೆ ತಾನಾಗಿ ದೊರೆಯುವುದಿಲ್ಲ.

ಖರೀದಿಸುವಾಗ

ಮರುಬರೆಯಬಹುದಾದ ಆರ್.ಡಬ್ಲ್ಯು. ಡಿಸ್ಕ್‌ಗಳು ಸಂರಕ್ಷಣೆಗೆ ಸಲ್ಲವು. ಬ್ಲೂ-ರೇ ಡಿಸ್ಕ್ ಕೊಳ್ಳುವುದಾದರೆ ಪೊಟ್ಟಣದ ಮೇಲೆ ಎಲ್.ಟಿ.ಎಚ್. ಎಂದಿರುವುದನ್ನು ಬಿಡಬೇಕು, ಅದರಲ್ಲಿಯೂ ಸಾವಯವ ಬಣ್ಣವೇ ಇದೆ. ನಿರವಯವ ಪದರವುಳ್ಳ ಎಂ-ಡಿಸ್ಕ್ ಉತ್ತಮ ಆಯ್ಕೆಯಾದರೂ ಸಾವಿರ ವರ್ಷವೆಂಬುದು ತಯಾರಕರ ಲೆಕ್ಕಾಚಾರವೇ ಹೊರತು ಅನುಭವವಲ್ಲ. ಎಂ-ಡಿಸ್ಕ್ ಡಿ.ವಿ.ಡಿ. ಬರೆಯಲು ಅದಕ್ಕೆಂದೇ ತಯಾರಾದ ಡ್ರೈವ್ ಬೇಕು.

ಒಂದೇ ಹೆಸರಿನ ಡಿಸ್ಕ್‌ಗಳು ಬೇರೆ ಬೇರೆ ಕಾರ್ಖಾನೆಗಳಲ್ಲಿ ತಯಾರಾಗಿರಬಹುದು, ಹೆಸರೊಂದನ್ನೇ ನಂಬಬಾರದು. ಡಿಸ್ಕ್‌ನಲ್ಲಿರುವ ತಯಾರಕರ ಸಂಕೇತವನ್ನು ಉಚಿತ ತಂತ್ರಾಂಶಗಳಿಂದ ಓದಬಹುದು. ಉತ್ತಮ ಗುಣಮಟ್ಟಕ್ಕೆ ಹೆಸರಾಗಿದ್ದ ಜಪಾನಿನ ತೈಯೊ ಯುಡೆನ್ 2015ರಲ್ಲಿ ಈ ವ್ಯವಹಾರ ನಿಲ್ಲಿಸಿತು. ಸೋನಿ 2025ರ ಫೆಬ್ರವರಿಯಲ್ಲಿ ಬರೆಯಬಹುದಾದ ಬ್ಲೂ-ರೇ ಡಿಸ್ಕ್‌ಗಳ ತಯಾರಿಕೆಯನ್ನು ಕೊನೆಗೊಳಿಸಿತು. ಆದುದರಿಂದ ಅಂಗಡಿಯಲ್ಲಿರುವುದು ಹಳೆಯ ದಾಸ್ತಾನಾಗಿರುವ ಸಂಭವವಿದೆ. ಬಿಸಿಲಿಗೆ ಬಿದ್ದ, ಪೊಟ್ಟಣವಿಲ್ಲದ ಬಿಡಿ ಡಿಸ್ಕ್‌ಗಳನ್ನು ಕೊಳ್ಳಬಾರದು.

ಬರೆದ ನಂತರ

ಬರೆದ ಕಡತಗಳನ್ನು ಮೂಲದೊಂದಿಗೆ ತಾಳೆ ನೋಡತಕ್ಕದ್ದು. ಅಂಟುಚೀಟಿ ಹಚ್ಚಬಾರದು, ನೀರಿನ ಶಾಯಿಯ ಮೃದು ಪೆನ್ನಿನಿಂದ ನಡುವಿನ ಪಾರದರ್ಶಕ ಭಾಗದಲ್ಲಿ ಬರೆಯಬಹುದು. ಹೆಂಚಿನಡಿಯ ಅಟ್ಟದಲ್ಲಿ ಅಥವಾ ಒಲೆಯ ಬಳಿ ಪೆಟ್ಟಿಗೆ ಇಡುವ ರೂಢಿ ಕಾಗದಕ್ಕೆ ಒಗ್ಗಿದರೂ ಡಿಸ್ಕ್‌ಗೆ ಒಗ್ಗದು. ಗಟ್ಟಿ ಕವಚದಲ್ಲಿ ನೇರವಾಗಿ ನಿಲ್ಲಿಸಿ, ಸಿಲಿಕಾ ಜೆಲ್ ಇರಿಸಿದ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಇಡುವುದು ಸೂಕ್ತ. ಎರಡನೆಯ ಪ್ರತಿ ಬೇರೆ ಊರಿನ ಬಂಧುಗಳ ಮನೆಯಲ್ಲಿ, ಇನ್ನೊಂದು ಹಾರ್ಡ್ ಡಿಸ್ಕ್‌ನಲ್ಲಿ ಇರಲಿ. ಪ್ರತಿ ವರ್ಷ ಮಳೆಗಾಲ ಮುಗಿದ ಮೇಲೆ ತೆರೆದು ಪರೀಕ್ಷಿಸಿ, ದೋಷ ಕಂಡಲ್ಲಿ ಕೂಡಲೇ ಹೊಸದಕ್ಕೆ ನಕಲು ಮಾಡಿಕೊಳ್ಳಬೇಕು. ಈಗಿನ ಹೆಚ್ಚಿನ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ಡ್ರೈವ್ ಇಲ್ಲದಿರುವುದರಿಂದ ಯು.ಎಸ್.ಬಿ. ಡ್ರೈವ್ ಒಂದನ್ನು ಜೊತೆಗಿರಿಸಿಕೊಳ್ಳುವುದು ಒಳಿತು.

ಡಿಸ್ಕ್‌ನಲ್ಲಿರುವ ಪ್ರತಿ ಮೂಲ ದಾಖಲೆಗೆ ಬದಲಿಯಲ್ಲ. ವಿದ್ಯುನ್ಮಾನ ದಾಖಲೆಯನ್ನು ನ್ಯಾಯಾಲಯದಲ್ಲಿ ಸಾಕ್ಷ್ಯವಾಗಿ ಹಾಜರುಪಡಿಸಲು 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ ಕಲಂ 63ರಂತೆ ಪ್ರಮಾಣಪತ್ರ ಅಗತ್ಯ. ಮೂಲ ಪತ್ರ ನಷ್ಟವಾಗಿದ್ದಲ್ಲಿ, ನೋಂದಾಯಿತ ಪತ್ರಗಳಿಗೆ ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ, ಕಂದಾಯ ದಾಖಲೆಗಳಿಗೆ ತಾಲ್ಲೂಕು ಕಚೇರಿಯಲ್ಲಿ ದೃಢೀಕೃತ ನಕಲಿಗೆ ಅರ್ಜಿ ಸಲ್ಲಿಸಬಹುದು. ಆಗ ಡಿಸ್ಕ್‌ನಲ್ಲಿರುವ ಪ್ರತಿಯಿಂದ ಪತ್ರದ ಸಂಖ್ಯೆ, ದಿನಾಂಕ ಮತ್ತು ಸರ್ವೆ ನಂಬರ್ ದೊರೆತು ಹುಡುಕಾಟ ಸುಲಭವಾಗುತ್ತದೆ.